ಎಲೆ ಹರಿಯುತ್ತಿದ್ದ ಪಾರಕ್ಕ

ನಮ್ಮ ನೆಗೆಣ್ಣಿ ಪಾರಕ್ಕ ಜಗಳಾಡುತ್ತಿದ್ದದ್ದು ಬೀಸುಕಲ್ಲಿನ ಜೊತೆಗೆ. ಬನಹಟ್ಟಿಯ ನಮ್ಮ ಮನೆಯಲ್ಲಿ ಸೊಸೆಯರು ಮಾವನ ಎದುರು ಬಾಯಿ ತೆರೆಯುವ ಪದ್ಧತಿ ಇರಲಿಲ್ಲ. ಮಾವ ಪಡಸಾಲೆಗೆ ಬಂದರೆ ಸೆರಗು ಹಣೆ ಮುಟ್ಟಬೇಕು, ಏನಾದರೂ ಹೇಳುವುದಿದ್ದರೆ ಅತ್ತೆಯ ಮುಖಾಂತರ ಹೇಳಿಸಬೇಕು. ಪಾರಕ್ಕ ಸೆರಗನ್ನೇನೋ ಎಳೆದುಕೊಳ್ಳುತ್ತಿದ್ದಳು. ಆಮೇಲೆ ಬೀಸುಕಲ್ಲಿನ ಮುಂದೆ ಕೂತು ಇಡೀ ಓಣಿಗೆ ಕೇಳುವ ಹಾಗೆ ಶುರು ಮಾಡುತ್ತಿದ್ದಳು: “ಎಲೇ ಕಲ್ಲ, ನಿನಗ ದೇವರು ಕಣ್ಣು ಕೊಟ್ಟಿಲ್ಲ, ಆತು. ಕಣ್ಣಿದ್ದವರಿಗೆ ಏನಾಗೇತಿ?” ಕಣ್ಣಿದ್ದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮಾವ ಅಡಿಕೆ ಕತ್ತರಿಸುತ್ತ ಕಿವಿ ಕೇಳದವರ ಹಾಗೆ ಕೂತಿರುತ್ತಿದ್ದರು.

ನಾನು ಆ ಮನೆಯ ಸಣ್ಣ ಸೊಸೆ, ಬೀಳಗಿ ಕಡೆಯವಳು. ಪಾರಕ್ಕ ದೊಡ್ಡ ಸೊಸೆ. ನಮ್ಮ ಗಂಡಂದಿರು ಮುಂದಿನ ಅಂಕಣದಲ್ಲಿ ಮಗ್ಗ ನಡೆಸುತ್ತಿದ್ದರು, ಮಾವ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಮೊಣಕೈತನಕ ಕೆಂಪು ಹತ್ತಿದ ಕೈ ಅವರದು. ಅವರ ಬಣ್ಣ ಎಷ್ಟು ಒಗೆದರೂ ಬಿಡುವುದಿಲ್ಲವೆಂದು ರಬಕವಿಯ ವ್ಯಾಪಾರಸ್ಥರು ಹೊಗಳಿ ಹೊಗಳಿ ಅವರ ತಲೆ ತಿರುಗಿಸಿದ್ದರು.

ಆ ಹಿತ್ತಲಲ್ಲೇ ಪಾರಕ್ಕನ ಸೇಬಿನ ಗಿಡ ಇತ್ತು. ಅದು ಅವಳ ತವರಿನಿಂದ ಬಂದದ್ದು. ಜಮಖಂಡಿಯ ಸಂಸ್ಥಾನ ಮುಂಬಯಿ ಸರ್ಕಾರದೊಳಗೆ ಸೇರಿದ ಮೇಲೆ ಅರಮನೆಯ ತೋಟಕ್ಕೆ ದಿಕ್ಕಿಲ್ಲದಂತಾಗಿ, ಕುಂಡದೊಳಗಿನ ಸಸಿಗಳು ಒಣಗಲು ಹತ್ತಿದ್ದವಂತೆ. ಅಲ್ಲಿ ಮಾಲಿ ಆಗಿದ್ದ ಅವಳ ಅಣ್ಣ ಪಂಚಮಿಗೆ ತಂಗಿಯನ್ನು ಕರೆಯಲು ಬಂದಾಗ ಸೀರೆಯ ಬದಲು ಒಂದು ಸಸಿ ತಂದ. ಅತ್ತೆ ಮೂಗು ಮುರಿದರು. ಪಾರಕ್ಕ ಮಾತ್ರ ಅದನ್ನು ಕೂಸಿನ ಹಾಗೆ ಸಾಕಿದಳು. ಮಗ್ಗದ ಅರಳೆಯ ಧೂಳು ಎಲೆಗಳ ಮೇಲೆ ಕೂತರೆ ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸುವಳು. “ಎಲಿ ಅಂದ್ರ ಗಿಡದ ಒಲಿ” ಎನ್ನುವಳು. ಒಲೆ ಬೂದಿಯಿಂದ ತುಂಬಿದರೆ ಅಡಿಗೆ ಹೇಗೆ ಆಗಬೇಕು ಎಂದು ನನ್ನನ್ನೇ ಕೇಳುವಳು. ಎಲೆ ನೋಡಿಯೇ ಗಿಡದ ಸಂಕಟ ಹೇಳುತ್ತಿದ್ದಳು. ಅಂಚು ಸುಟ್ಟಿದ್ದರೆ ಮಣ್ಣಿಗೆ ಕ್ಷಾರ ಹತ್ತಿದೆ, ನರ ಹಸಿರಿದ್ದು ನಡುವೆ ಹಳದಿಯಾದರೆ ಬೇರು ಉಣ್ಣಲೊಲ್ಲದು, ಹೀಗೆ.

ಗಿಡ ಎದೆಯೆತ್ತರ ಬೆಳೆಯಿತು, ಹೂ ಮಾತ್ರ ಬಿಡಲಿಲ್ಲ. ಒಂದು ವರ್ಷ ದೀಪಾವಳಿಯ ಮುಂದೆ ಬಣ್ಣದ ಕೊಪ್ಪರಿಗೆ ತೊಳೆದ ನೀರೆಲ್ಲ, ಅದು ಹೊರಗೆ ಹೋಗುವ ಹರಿ ಒಡೆದು, ಗಿಡದ ಬುಡಕ್ಕೆ ನುಗ್ಗಿತು. ಸೋಡಾ ಕೂಡಿದ ನೀರು, ಕೈಗೆ ಬಿದ್ದರೆ ಚರ್ಮ ಸುಲಿಯುವಂಥದ್ದು. ಎಲೆಗಳೆಲ್ಲ ಕಂದಿ ಉದುರಿದವು. ಪಾರಕ್ಕ ಊಟ ಬಿಟ್ಟಳು. ಆದರೆ ಕೆಲವು ದಿನ ಕಳೆದ ಮೇಲೆ ಆ ಬೋಳು ಕೊಂಬೆಗಳ ಮೇಲೆ ಗುಲಾಬಿ ಅಂಚಿನ ಬಿಳಿ ಹೂ!

ಮಾವ ಮೀಸೆ ತಿರುವಿದರು. ಹೂ ಬಿಡಿಸಿದ್ದು ತಮ್ಮ ಬಣ್ಣದ ನೀರು ಎಂದು ಓಣಿಯೆಲ್ಲ ಹೇಳಿಕೊಂಡು ಬಂದರು. ಮರುವರ್ಷ ತಾವೇ ಕೊಡದಲ್ಲಿ ಹೊತ್ತು ಸುರಿದರು. ಮತ್ತೆ ಎಲೆ ಉದುರಿತು, ಹೂ ನಾಕಾರು ಬಂದವು, ಒಂದು ಕೊಂಬೆ ಪೂರ್ತಿ ಒಣಗಿತು. ಪಕ್ಕದ ಮನೆಯ ರಾಚಪ್ಪನೂ ಆ ನೀರು ಒಯ್ದು ತನ್ನ ನಿಂಬೆಗಿಡಕ್ಕೆ ಹಾಕಿದ. ಅದು ಸಂಕ್ರಾಂತಿಗೆ ಕಟ್ಟಿಗೆ ಆಯಿತು. ಅದಕ್ಕೆ ಮಾವ ಹೇಳಿದ್ದು ರಾಚಪ್ಪನ ಕೈಗುಣ ಸರಿಯಿಲ್ಲ ಎಂದು. ಇಂಥವರಿಗೆ ಏನು ಹೇಳುವುದು ಹೇಳಿ!

ಮೂರನೆಯ ವರ್ಷ ಪಾರಕ್ಕ ಗುದ್ದಲಿ ಹಿಡಿದು ಗಿಡದ ಸುತ್ತ ಒಡ್ಡು ಹಾಕಿ, ಹರಿಯನ್ನು ಆಚೆ ತಿರುಗಿಸಿದಳು. ಮಾವನೂ ನೋಡೇ ಬಿಡೋಣವೆಂದು ಕೊಡ ಎತ್ತಲಿಲ್ಲ. ಎಲೆ ಸೊಗಸಾಗಿ ನಳನಳಿಸಿತು. ಹೂ ಬಿಡಲಿಲ್ಲ. ಮಾವ ಅತ್ತೆಯ ಕಡೆ ತಿರುಗಿ, ಪಾರಕ್ಕನಿಗೆ ಕೇಳುವ ಹಾಗೆ, “ನೋಡು, ನನ್ನ ನೀರಿಲ್ಲ, ಹೂವಿಲ್ಲ” ಎಂದರು. ಅವತ್ತು ಪಾರಕ್ಕ ಬೀಸುಕಲ್ಲಿಗೂ ಒಂದು ಮಾತು ಆಡಲಿಲ್ಲ.

ಆಮೇಲೆ ಒಂದು ದಿನ ನಮ್ಮ ಆಕಳ ಕರು ಹಗ್ಗ ಬಿಚ್ಚಿಕೊಂಡು ಗಿಡದ ಕೆಳಗಿನ ಕೊಂಬೆಯೊಂದರ ಎಲೆಗಳನ್ನು ತರಿದು ತಿಂದಿತು. ಪಾರಕ್ಕ ಕರುವಿಗೆ ಬಾರಿಸಿದಳು, ಆಮೇಲೆ ಮರುಗಿ ಬೆಲ್ಲ ತಿನ್ನಿಸಿದಳು. ಮುಂದೆ ಆ ಒಂದೇ ಕೊಂಬೆಯಲ್ಲಿ ಮೊಗ್ಗು ಮೂಡಿತು. ಅವಳು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು.

“ನೀರಲ್ಲ ಬೇ, ಎಲಿ! ಥಂಡಿ ಊರಾಗ ಎಲಿ ತಾನ ಉದುರಿ ಗಿಡ ಮಲಗತೈತಿ ಅಂತ ನಮ್ಮಣ್ಣ ಅಂತಿದ್ದ. ನಮ್ಮ ಊರಾಗ ಥಂಡಿ ಎಲ್ಲೈತಿ? ಎಲಿ ಉದುರೂದಿಲ್ಲ, ಒಲಿ ಆರೂದಿಲ್ಲ. ಈ ಮನಿ ಸೊಸೀಗೆ ಆದಂಗ, ಅದಕ್ಕೂ ನಿದ್ದಿಲ್ಲ.”

ಮರುವರ್ಷ ಮಳೆಗಾಲ ಮುಗಿದ ಮೇಲೆ ಅವಳು ಇಡೀ ಗಿಡದ ಎಲೆ ಹರಿದಳು. ಎಲೆಯ ಕಂಕುಳಲ್ಲಿರುವ ಮೊಗ್ಗಿನ ಕಣ್ಣು ಮುರಿಯದ ಹಾಗೆ, ಒಂದೊಂದೇ ತೊಟ್ಟನ್ನು ಚಿವುಟಿ. ಅತ್ತೆ ಎದೆ ಬಡಿದುಕೊಂಡರು. ಮುತ್ತೈದೆ ಹಸಿರು ಗಿಡ ಬೋಳು ಮಾಡಿದರೆ ಮನೆಗೆ ಕೇಡು ಎಂದು ಓಣಿಯ ಹೆಂಗಸರು ಬಂದು ಹೇಳಿ ಹೋದರು. ಇವಳು ಹರಿಯುತ್ತಲೇ ಇದ್ದಳು. ಗಿಡ ಹೂವಾಯಿತು ನೋಡಿ, ಅಂಥ ಹೂವು ಬನಹಟ್ಟಿ ಅದುವರೆಗೆ ಕಂಡಿರಲಿಲ್ಲ. ಕಾಯಿಯೂ ಕಚ್ಚಿತು. ಮೊದಲ ಹಣ್ಣನ್ನು ಅವಳು ನನಗೇ ಕೊಟ್ಟಳು. ನಿಂಬೆಕಾಯಿಯಷ್ಟು ಗಾತ್ರ, ಹುಳಿ ಹುಳಿ. ಇಬ್ಬರೂ ಕಣ್ಣು ಕಿರಿದು ಮಾಡಿ ತಿಂದು ನಕ್ಕೆವು.

ಮಾವ ಏನೆಂದರು ಗೊತ್ತೇ? ಹಿಂದೆ ಹಾಕಿದ ನೀರು ಈಗ ಬೇರಿಗೆ ಇಳಿದು ಕೆಲಸ ಮಾಡಿದೆ ಎಂದರು! ಉಳಿದ ಹಣ್ಣುಗಳನ್ನು ಬುಟ್ಟಿಯಲ್ಲಿಟ್ಟು, ತಮ್ಮ ಬಣ್ಣದ ನೀರಿನ ಪ್ರಸಾದವೆಂದು ಮಠಕ್ಕೆ ಕಳಿಸಿದರು. ಆ ಸಂಜೆ ಪಾರಕ್ಕ ಬೀಸುಕಲ್ಲಿನ ಹತ್ತಿರ ಹೋಗಲಿಲ್ಲ. ನೇರ ಪಡಸಾಲೆಗೆ ಬಂದು ನಿಂತಳು. ಸೆರಗು ಹೆಗಲ ಮೇಲೆ ಇತ್ತು.

“ಮಾವಾರ, ಎಲಿ ಹರದಾಕಿ ನಾ. ನಿಮ್ಮ ನೀರು ಗಿಡಾ ಕೊಲ್ಲತೈತಿ. ಇನ್ನೊಮ್ಮೆ ಹಾಕಬ್ಯಾಡ್ರಿ.”

ಮಾವ ಅವಳ ಮುಖ ನೋಡಲಿಲ್ಲ. ಅಲ್ಲೇ ಇದ್ದ ಅವಳ ಗಂಡನಿಗೆ, ಮನೆಯೊಳಗೆ ಯಾರೋ ಮಾತಾಡಿದ ಹಾಗೆ ಆಯಿತಲ್ಲ ಎಂದರು. ಆ ಮಹಾರಾಯ ತಲೆ ತಗ್ಗಿಸಿ ಮಗ್ಗಕ್ಕೆ ಹೋಗಿ ಕೂತ. ಮೂರು ಜನ ಗಂಡಸರಿದ್ದ ಮನೆಯಲ್ಲಿ ಒಬ್ಬರಿಗಾದರೂ ಹೌದು ಎನ್ನುವ ಗಂಟಲು ಇರಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟ ಅನ್ನುತ್ತವೆ.

ಮುಂದಿನ ಮಳೆಗಾಲ ಪಾರಕ್ಕನಿಗೆ ಜ್ವರ ಹಿಡಿಯಿತು. ಮುಧೋಳದ ಡಾಕ್ಟರ ಔಷಧವೂ ನಾಟಲಿಲ್ಲ. ಎಲೆ ಹರಿಯುವ ಹೊತ್ತು ಬಂದಾಗ ಅವಳಿಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ನನ್ನನ್ನು ಕರೆದು, ಕಣ್ಣು ಮುರಿಯದ ಹಾಗೆ ಹರಿ ಎಂದಳು. ಹರಿದೆ. ಅತ್ತೆ ಬೈದರು, ನನ್ನ ಗಂಡ ಸಿಟ್ಟಾದ, ನಾನು ಹರಿದೆ. ಮುಗಿಸಿ ಬಂದು ಹೇಳಿದಾಗ ಅವಳು ನನ್ನ ಬೆರಳುಗಳನ್ನು ಮೂಸಿ ನೋಡಿದಳು. “ಛಲೋ ಮಾಡಿದಿ. ಇನ್ನ ಆ ನೀರು ಬೀಳದಂಗ ಬುಡಾ ಕಾಯಿ” ಎಂದಳು. ಮೊಗ್ಗು ಕಾಣುವ ಮೊದಲೇ ಹೋಗಿಬಿಟ್ಟಳು.

ಅವಳು ಹೋದ ಮೇಲೆ ಮಾಡಿದ ದಿವಸದ ಊಟಕ್ಕೆ ಜಮಖಂಡಿಯಿಂದ ಬೀಗರು ಬಂದರು, ಓಣಿಯವರು ಬಂದರು. ಹಿತ್ತಲಲ್ಲಿ ಗಿಡ ಬೆಳ್ಳಗೆ ಹೂವಾಗಿ ನಿಂತಿತ್ತು. ಎಲ್ಲರ ಊಟ ಆದ ಮೇಲೆ ಮಾವ ಬಣ್ಣದ ಕೊಡ ಎತ್ತಿಕೊಂಡು ಬಂದರು. ಅವರ ಕಣ್ಣಲ್ಲಿ ಖರೆ ಖರೆ ನೀರಿತ್ತು, ಅದೇ ನನಗೆ ತಡೆಯಲಾಗದ್ದು.

“ಪಾರವ್ವನ ಜೀವ ಇದರಾಗ ಇತ್ತು. ಇದಕ್ಕ ಕಡಿಮಿ ಮಾಡಬಾರದು” ಎಂದರು.

ನಾನು ಒಡ್ಡಿನ ಮೇಲೆ ಹೋಗಿ ನಿಂತೆ. ಆ ನೀರು ಹಾಕಿದರೆ ಗಿಡ ಸಾಯುತ್ತದೆ, ಹೂ ಬಂದದ್ದು ಎಲೆ ಹರಿದದ್ದಕ್ಕೆ, ಹರಿಸಿದವಳು ಪಾರಕ್ಕ ಎಂದು ಅಷ್ಟೂ ಜನರ ಎದುರು ಕೂಗಿ ಹೇಳಿದೆ. ಮಾವ ಅತ್ತೆಯ ಕಡೆ ತಿರುಗಿದರು.

“ಸಣ್ಣಾಕಿಗೆ ದುಃಖ ತಲಿಗೇರೇತಿ. ಒಳಗ ಕರಕೊಂಡ ಹೋಗು.”

ನನ್ನ ಗಂಡ ಬಂದು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದ. ಮಾವ ಕೊಡ ಬಗ್ಗಿಸಿದರು. ಕೆಂಪು ನೀರು ನೊರೆ ನೊರೆಯಾಗಿ ಬುಡಕ್ಕೆ ಇಳಿಯಿತು. ಸೊಸೆಯ ಮೇಲೆ ಮಾವನಿಗೆ ಎಷ್ಟು ಮಮತೆ ಎಂದು ಬೀಗಿತಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು, ಗಂಡಸರು ಗಿಡಕ್ಕೆ ಕೈ ಮುಗಿದರು. ಪಾರಕ್ಕನನ್ನು ಅವರು ಅವತ್ತು ಎರಡನೆಯ ಸಲ ಮಣ್ಣು ಮಾಡಿದರು.