ಉಡಿಯಲ್ಲಿ ಕಟ್ಟಿದ ಫ್ಯೂಜು

ನಾಲತವಾಡದ ಶಂಕ್ರೆವ್ವ ಹೂಳು ತೆಗೆಯಲು ನೀರಿನ ತೊಟ್ಟಿಗೆ ಇಳಿಯುವ ಮೊದಲು ಮೋಟಾರಿನ ಫ್ಯೂಜು ಕಿತ್ತು ಸೀರೆಯ ಉಡಿಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಊರಿನ ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಮೊದಲಿನಿಂದಲೂ ಅದೇ ರೂಢಿ. ಕೆಳಗಿಳಿದವರ ಹತ್ತಿರವೇ ಫ್ಯೂಜು ಇರಬೇಕು. ಅವರು ಮೇಲೆ ಬಂದು ಉಡಿ ಬಿಚ್ಚುವವರೆಗೆ ಸಾಕ್ಷಾತ್ ಶಿವನೇ ಬಂದು ಕೇಳಿದರೂ ಕೊಡುವಂತಿಲ್ಲ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂದ ಕೂಡಲೇ ತಾನಾಗಿ ಶುರುವಾಗಲೆಂದು ಮೋಟಾರುಗಳನ್ನು ಆಟೋದಲ್ಲಿ ಇಟ್ಟಿರುತ್ತಿದ್ದರು.

ಸುನಂದಾ ಈ ಶಂಕ್ರೆವ್ವನ ಒಬ್ಬಳೇ ಮಗಳು. ರಾಡಿ ಬುಟ್ಟಿ ಹೊತ್ತು ಓದಿಸಿದ ಮಗಳು. ವಿಜಾಪುರದಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿ ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಜಾಣೆಯೇನೋ ಹೌದು, ಆದರೆ ಹಠ ಅಂದರೆ ಹಠ! ಇದು ಆಗುವುದಿಲ್ಲ ಎಂದು ಯಾರಾದರೂ ಅಂದರೆ ಮುಗಿಯಿತು, ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಎರಡು ಸಾವಿರದ ಆರನೆಯ ಇಸವಿಯಲ್ಲಿ ನೀರಿನ ಸಂಘದ ಚೇರ್ಮನ್ ಧೂಳಪ್ಪ ಅವಳನ್ನು ಕರೆಸಿದ. ಪಂಪ್‌ಹೌಸಿನಲ್ಲಿ ಮೂರು ಪಂಪು. ಮೂರನ್ನೂ ಕಂಪ್ಯೂಟರಿನಿಂದ ನಡೆಸಬೇಕೆಂದು ಅವನಿಗೆ ಹುಚ್ಚು ಹತ್ತಿತ್ತು. ಆದರೆ ಪಂಪಿಗೊಂದು ಬೇರೆ ಬೇರೆ ಸಾಫ್ಟ್‌ವೇರು, ಒಂದಕ್ಕೊಂದು ಆಗಿಬರುತ್ತಿರಲಿಲ್ಲ.

"ಮೂರು ಕಂಪ್ಯೂಟರ್ ಬೇಕಂತಾರವಾ. ನನ್ನ ಕಡಿಂದ ಒಂದ ಆಗೋದು. ಒಂದರಾಗ ಮೂರೂ ನಡಸಾಕ ಆಗಂಗಿಲ್ಲಂತ, ಖರೇನ?"

"ಯಾರಂದ್ರು? ಆಗ್ತೈತ್ರಿ," ಅಂದಳು ಸುನಂದಾ.

ಒಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ ಮೂರು ಕಂಪ್ಯೂಟರು ಕೂಡಿಸುವುದು. ಅದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಅದರ ಸಾಫ್ಟ್‌ವೇರನ್ನು ಅವಳೇ ಬರೆದಳು. ಒಳಗಿನ ಮೂರಕ್ಕೂ ಮೆಮೊರಿಯೆಲ್ಲ ತನ್ನದೇ ಎಂಬ ಭ್ರಮೆ. ಇರುವುದು ಮಾತ್ರ ಒಂದೇ ಮೆಮೊರಿ, ಪುಟಪುಟವಾಗಿ ಹಂಚಿದ್ದು. ಯಾರ ಪುಟ ನಿಜವಾಗಿ ಎಲ್ಲಿದೆ ಎಂದು ತೋರಿಸುವುದು ಪೇಜ್ ಟೇಬಲ್. ಪುಟ ಜಾಗ ಬದಲಿಸಿದಾಗಲೆಲ್ಲ ಕೆಲಸ ನಿಲ್ಲಿಸಿ, ಟೇಬಲ್ ತಿದ್ದಿ, ಹಳೆಯ ವಿಳಾಸ ಅಳಿಸಬೇಕು. ಅಳಿಸದಿದ್ದರೆ ಊರು ಬಿಟ್ಟುಹೋದವರ ಬಾಗಿಲು ಬಡಿದಂತೆ. ಒಳಗಿನಿಂದ ಬೇರೆ ಯಾರೋ ಓಗೊಡುತ್ತಾರೆ.

ಸುನಂದಾ ಮೊದಲು ಪ್ರತಿ ಸಲವೂ ತಿದ್ದಿ ಅಳಿಸುವಂತೆಯೇ ಮಾಡಿದ್ದಳು. ಪಾಪ, ಆ ಬಡ ಕಂಪ್ಯೂಟರು ತಿದ್ದುವುದರಲ್ಲೇ ಸುಸ್ತಾಗಿ ತೆವಳುತ್ತಿತ್ತು. ಧೂಳಪ್ಪ ಜನರೆದುರೇ ನಕ್ಕ. "ಇದಕ್ಕಿಂತ ನಮ್ಮ ಮುದಿ ಎತ್ತು ಚಲೋ ಬಿಡವಾ!"

ಆ ಮಾತು ಅವಳಿಗೆ ನಾಟಿತು. ಆಗಿಂದಾಗಲೇ ತಿದ್ದುವುದನ್ನು ಬಿಟ್ಟಳು. ಬದಲಾವಣೆಗಳನ್ನೆಲ್ಲ ಗುಡ್ಡೆಹಾಕಿಟ್ಟು, ಬಿಡುವಾದಾಗ ಒಮ್ಮೆಲೇ ತಿದ್ದುವಂತೆ ಬರೆದಳು. ಕಂಪ್ಯೂಟರು ಹುಚ್ಚು ಹೊಳೆಯಂತೆ ಓಡತೊಡಗಿತು. ಧೂಳಪ್ಪ ಪೇಢೆ ಹಂಚಿದ. ಆದರೆ ಫ್ಯೂಜು ಕಿತ್ತರೆ ಪರದೆಯ ಲೆಕ್ಕವೆಲ್ಲ ಗೊಂದಲವಾಗುತ್ತಿತ್ತು. ಅದಕ್ಕೆ ಸುನಂದಾ ಪರದೆಯ ಮೇಲೆ 'ತಡೆ' ಎಂಬ ಗುಂಡಿ ಇಟ್ಟಳು. ಒತ್ತಿದರೆ ಕೆಂಪು, ಕೆಂಪಿದ್ದರೆ ಕರೆಂಟು ಬಂದರೂ ಮೋಟಾರು ಏಳುವುದಿಲ್ಲ. ಇನ್ನು ಮೇಲೆ ಫ್ಯೂಜು ಕೀಳಬೇಡಿರೆಂದು ಅವಳೇ ಎಲ್ಲರಿಗೂ ಹೇಳಿದಳು.

ಒಂದು ಮಧ್ಯಾಹ್ನ ಎರಡನೆಯ ಪಂಪಿನ ಪರದೆಯಲ್ಲಿ ಮೂರನೆಯ ಪಂಪಿನ ನೀರಿನ ಮಟ್ಟ ಮಿಂಚಿ ಮಾಯವಾಯಿತು. ಕಣ್ಣು ಮುಚ್ಚಿ ತೆರೆಯುವಷ್ಟೇ ಹೊತ್ತು. ಬೇರೆಯವರಾಗಿದ್ದರೆ ಭ್ರಮೆ ಎನ್ನುತ್ತಿದ್ದರು. ಇವಳಿಗೆ ಅಳಿಸದ ಹಳೆಯ ವಿಳಾಸ ಒಳಗೆಲ್ಲೋ ಉಳಿದಿದೆ ಎಂದು ತಕ್ಷಣ ಗೊತ್ತಾಯಿತು. ತಿದ್ದಿದರೆ ಮತ್ತೆ ನಿಧಾನ, ಮತ್ತೆ ಧೂಳಪ್ಪನ ಆ ನಗು. ಒಂದು ಸಲ ತಾನೇ, ಮುಂದೆ ನೋಡಿದರಾಯಿತು ಅಂದುಕೊಂಡಳು. ಅಯ್ಯೋ, ಆ ಮಾತಿಗೆ ಬೆಂಕಿ ಬೀಳಲಿ!

ಎರಡನೆಯ ಪಂಪಿನ ತೊಟ್ಟಿ ಹೂಳು ತುಂಬಿತು. ಶಂಕ್ರೆವ್ವ ಸೀರೆ ಎತ್ತಿ ಕಟ್ಟಿ ಬಂದಳು. ಮೋಟಾರು ನೋಡಿಕೊಳ್ಳುವ ಇಬ್ರಾಹಿಂಸಾಬ ರೂಢಿಯಂತೆ ಫ್ಯೂಜು ಕೀಳಲು ಕೈ ಹಾಕಿದ.

"ಬಿಡೋ ಸಾಬಣ್ಣ, ಅದ್ಯಾಕ? ನನ್ನ ಮಗಳು ಗುಂಡಿ ಒತ್ತತಾಳ," ಎಂದಳು ಶಂಕ್ರೆವ್ವ. ಮುಖದ ತುಂಬ ಹೆಮ್ಮೆ.

"ಯವ್ವಾ," ಅಂದಳು ಸುನಂದಾ. ಇವತ್ತೊಂದಿನ ಫ್ಯೂಜು ಕಟ್ಟಿಕೋ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದರೆ ತನ್ನ ಗುಂಡಿಯನ್ನು ತಾನೇ ನಂಬಲಿಲ್ಲವೆಂದು ಊರೆಲ್ಲ ಆಡಿಕೊಳ್ಳುತ್ತದೆ. "ಹುಷಾರಾಗಿ ಇಳಿ," ಎಂದಷ್ಟೇ ಹೇಳಿದಳು.

"ನೀ ಅದೀಯಲ್ಲ, ನನಗೇನಾಗ್ತೈತಿ?"

ಸುನಂದಾ ಒಳಗೆ ಹೋಗಿ ತಡೆ ಒತ್ತಿದಳು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಪರದೆ ಕೆಂಪಾಯಿತು. ಹೊರಗೆ ತೊಟ್ಟಿಯಿಂದ ಸಲಿಕೆ ಕೆರೆಯುವ ಸದ್ದು ಕೇಳುತ್ತಿತ್ತು. ಶಂಕ್ರೆವ್ವ ಸೊಂಟಮಟ್ಟದ ನೀರಿನಲ್ಲಿ ನಿಂತು, ಪಂಪು ನೀರೆಳೆಯುವ ಕೊಳವೆಯ ಬಾಯಿಗೇ ಬಾಗಿ ರಾಡಿ ಎಳೆಯುತ್ತಿದ್ದಳು.

ತಲೆಯ ಮೇಲಿನ ಬಲ್ಬು ಹತ್ತಿತು. ಕರೆಂಟು!

ಒಂದನೆಯ ಮೋಟಾರು ಎದ್ದಿತು. ಅದು ಏಳಬೇಕಾದದ್ದೇ. ಅದರ ಬೆನ್ನಿಗೇ ಇನ್ನೊಂದು ಮೋಟಾರು ಗುರುಗುಟ್ಟಿತು. ಸುನಂದಾ ಪರದೆ ನೋಡಿದಳು. ಎರಡನೆಯದು ಕೆಂಪಗೇ ಇತ್ತು. ತಡೆ ಇದೆಯಲ್ಲ, ಹಾಗಾದರೆ ಇದು ಮೂರನೆಯದಿರಬೇಕು ಎಂದುಕೊಂಡಳು. ಕಿವಿ ಎರಡನೆಯದು, ಎರಡನೆಯದು ಎಂದು ಬಡಿದುಕೊಳ್ಳುತ್ತಿತ್ತು. ಅವಳು ಕಣ್ಣನ್ನೇ ನಂಬಿ ನಿಂತಳು. ಗುಂಡಿಯ ತಡೆ ಹೊಸ ಪುಟಕ್ಕೆ ಹೋಗಿತ್ತು, ಮೋಟಾರು ಹಳೆಯ ಪುಟವನ್ನೇ ಓದಿತ್ತು. ಸಲಿಕೆಯ ಸದ್ದು ನಿಂತಾಗ ಅದು ಅವಳಿಗೆ ಹೊಳೆಯಿತು.

"ಕಾಕಾ, ಫ್ಯೂಜ್ ಕೀಳ್ರೀ!" ಎಂದು ಚೀರುತ್ತ ಹೊರಗೋಡಿದಳು.

ಇಬ್ರಾಹಿಂಸಾಬ ಆಗಲೇ ಕಿತ್ತಿದ್ದ. ಮೋಟಾರು ನಿಂತಿತ್ತು. ತೊಟ್ಟಿಯಲ್ಲಿ ಕೆಂಪು ನೀರು ಗಿರಗಿರ ತಿರುಗುತ್ತಿತ್ತು, ಬುಟ್ಟಿ ಮೇಲೆ ತೇಲುತ್ತಿತ್ತು. ಅವನು ಉಟ್ಟ ಬಟ್ಟೆಯಲ್ಲೇ ಧುಮುಕಿದ. ಮುಳುಗಿದ, ಎದ್ದ, ಮತ್ತೆ ಮುಳುಗಿದ.

ಶಂಕ್ರೆವ್ವನನ್ನು ಎತ್ತಿ ದಂಡೆಯ ಮೇಲೆ ಮಲಗಿಸಿದರು. ಸುನಂದಾ ಎದೆ ಒತ್ತಿದಳು, ಕೆನ್ನೆ ಬಡಿದಳು, ಯವ್ವಾ ಯವ್ವಾ ಎಂದು ಕೂಗಿ ಕೂಗಿ ದನಿ ಬಿದ್ದುಹೋಯಿತು. ಅವ್ವನ ಎರಡೂ ಕೈ ಹೊಟ್ಟೆಯ ಹತ್ತಿರ ಬಿಗಿಯಾಗಿ ಮುಷ್ಟಿಕಟ್ಟಿದ್ದವು. ಏನು ಹಿಡಿದಿದ್ದಾಳೆಂದು ಇಬ್ರಾಹಿಂಸಾಬ ಮೆಲ್ಲಗೆ ಬೆರಳು ಬಿಡಿಸಿದ. ಸೀರೆಯ ಉಡಿ. ಅದರಲ್ಲಿ ಏನೂ ಇರಲಿಲ್ಲ.