ಎರಡನೇ ಕಾಲಮಿನ ಕೆಂಪು ಗುರುತು

ತಮ್ಮನ ಮದುವೆಯ ಲಗ್ನಪತ್ರಿಕೆಯಲ್ಲಿ ನಾನು ಅಕ್ಕನ ಹೆಸರು ಹಾಕಲಿಲ್ಲ. ಪತ್ರಿಕೆ ಮಾಡಿದವಳು ನಾನೇ, ಅಜ್ಜಂಪುರದಲ್ಲಿರುವ ನನ್ನ ಸ್ವಂತ ಡಿಟಿಪಿ ಅಂಗಡಿಯಲ್ಲಿ. ಕಂಪ್ಯೂಟರ್ ಕೈಕೊಟ್ಟಿತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಇದನ್ನು ಓದಿ ನಮ್ಮ ಕಡೆಯವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಬರೆಯುವುದೇನು ಎಂದು ಕೇಳುವವರೂ ಇದ್ದಾರೆ. ಅವರ ಮನೆಯ ಲಗ್ನಪತ್ರಿಕೆ ಬರೆದವಳೂ ನಾನೇ. ಯಾರ ಹೆಸರು ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ ಎನ್ನುವುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿಲ್ಲ.

ನನಗೆ ಕೆಲಸ ಕಲಿಸಿದವಳು ಅಕ್ಕ. ಮನೆಗೆ ಅವಳೇ ಹಿರಿಯಳು, ನಾನು ನಡುವಿನವಳು, ತಮ್ಮ ಕೊನೆಯವನು. ಗಂಡನ ಹೊಡೆತ ತಾಳಲಾರದೆ ಅವಳು ಯಗಟಿಯ ಮನೆ ಬಿಟ್ಟು ಬಂದಳು. ಕಡೂರಿನಲ್ಲಿ ರೂಮು ಹಿಡಿದು, ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸಕ್ಕೆ ಸೇರಿದಳು. ವಾಪಸ್ ಹೋಗು ಎಂದು ಬುದ್ಧಿ ಹೇಳಲು ಬಂದವರಿಗೆ, "ಮೊದ್ಲು ನೀವು ಹೋಗಿ ಒಂದ್ ವಾರ ಇದ್ದು ಬನ್ನಿ, ಆಮೇಲೆ ನಾನು ಹೋಗ್ತೀನಿ" ಎನ್ನುತ್ತಿದ್ದಳು. ಯಾರೂ ಹೋಗಲಿಲ್ಲ. ಅವಳೂ ಹೋಗಲಿಲ್ಲ.

ನಾನು ಅಂಗಡಿ ಇಟ್ಟಾಗ ಭಾನುವಾರ ಭಾನುವಾರ ಬಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಪರದೆಯ ಮೇಲೆ ಒಂದು ಬಾಕ್ಸ್ ಎಳೆದು, ಅದನ್ನು ಎರಡು ಕಾಲಂ ಮಾಡಿ, ಒಳಗೆ ಉದ್ದದೊಂದು ಬರಹ ಸುರಿದಳು. ಮೊದಲ ಕಾಲಂ ತುಂಬುತ್ತಿದ್ದಂತೆ ಉಳಿದ ಸಾಲುಗಳು ತಾವಾಗಿಯೇ ಎರಡನೆಯದರ ತಲೆಗೆ ಹೋಗಿ ಕೂತವು. ನಾನು ಬಾಯಿಬಿಟ್ಟುಕೊಂಡು ನೋಡಿದೆ.

"ಈರುಳ್ಳಿ ಮಡಿಗೆ ನೀರು ಕಟ್ಟಿಲ್ವೇನೇ ನೀನು?" ಎಂದಳು. "ಈ ಮಡಿ ತುಂಬಿದ್ರೆ ಮುಂದಿನ ಮಡಿಗೆ. ಅಷ್ಟೇ ಕಣೇ."

"ಎರಡೂ ತುಂಬೋದ್ರೆ?"

ಅವಳು ಇನ್ನೂ ನಾಲ್ಕು ಸಾಲು ಸೇರಿಸಿದಳು. ಬಾಕ್ಸಿನ ಬಲಗಡೆ ಕೆಳಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಪ್ಲಸ್ ಗುರುತು ಮೂಡಿತು.

"ಇದು ಬಂತು ಅಂದ್ರೆ ಒಳಗಿನ್ನೂ ಅಕ್ಷರ ಐತೆ, ಹೊರಗೆ ಕಾಣ್ತಿಲ್ಲ ಅಂತ. ಅಳಿಸೋಗಿರಲ್ಲ. ಜಾಗ ಮಾಡ್ಕೊಟ್ರೆ ಬರ್ತದೆ. ಇದನ್ನ ಇಟ್ಕೊಂಡು ಯಾವತ್ತೂ ಪ್ರಿಂಟಿಗೆ ಕಳಿಸ್ಬೇಡ."

ಅಂದಿನಿಂದ ನಾನು ಮಾಡಿದ ಪ್ರತಿಯೊಂದು ಪ್ರೂಫೂ ಫೋನಿನಲ್ಲಿ ಅವಳ ಬಳಿ ಹೋಗಿ, ಅವಳು ಓದಿ ಸರಿ ಎಂದ ಮೇಲೆ ಪ್ರಿಂಟಿಗೆ ಹೋಗುತ್ತಿತ್ತು. ತಮ್ಮನ ಮದುವೆಯದು ಮಾತ್ರ ಹೋಗಲಿಲ್ಲ.

ಅಪ್ಪ ಅವ್ವ ಇಬ್ಬರೂ ಇಲ್ಲದ್ದರಿಂದ ಅಮೃತಾಪುರದ ದೊಡ್ಡಪ್ಪನೇ ಆ ಮದುವೆಗೆ ಹಿರಿಯ. ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಒಂದೊಂದೇ ಹೆಸರು ಹೇಳುತ್ತಾ ಹೋದರು. ಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಪಟ್ಟಿ ಎರಡು ಕಾಲಮಿನಲ್ಲಿ ಬರುತ್ತದೆ. ಮನೆಯ ಹೆಣ್ಣುಮಕ್ಕಳೆಲ್ಲ ಗಂಡಂದಿರ ಜೊತೆ ಜೋಡಿಯಾಗಿ, ಹಿರಿಯಳು ಮೊದಲು. ನಾನು ಅಕ್ಕನ ಹೆಸರು ಒತ್ತಲು ಶುರುಮಾಡಿದ್ದೆ.

"ತಡಿಯಮ್ಮ," ಎಂದರು ದೊಡ್ಡಪ್ಪ. "ಒಬ್ಬಳದೇ ಹೆಸರು ಹಾಕಿದ್ರೆ ಬೀಗರು ಕೇಳಲ್ವೇ, ಯಜಮಾನ ಎಲ್ಲಿ ಅಂತ?"

"ಇಲ್ಲ ಅಂದ್ರಾಯ್ತು."

"ಸತ್ತೋಗಿದ್ರೆ ಇಲ್ಲ ಅನ್ಬೋದಿತ್ತು. ಬದುಕಿದಾನಲ್ಲೇ ಮಾರಾಯ್ತಿ. ಕೊನೇಲಿ ಹಾಕು. ಜಾಗ ಇದ್ರೆ."

ಅಕ್ಕನ ಸಾಲನ್ನು ಎತ್ತಿ ಎರಡನೇ ಕಾಲಮಿನ ತಳಕ್ಕೆ ಹಾಕಿದೆ. ದೊಡ್ಡಪ್ಪ ಊರು ಸೇರಿದ ಮೇಲೂ ಫೋನು ಮಾಡಿ ಹೆಸರು ಸೇರಿಸುತ್ತಲೇ ಇದ್ದರು. ಹಿರೇನಲ್ಲೂರಿನ ಷಡ್ಡಕ ಮರೆತುಹೋಗಿದ್ದಾನೆ, ಅವನ ಮಗಳು ಅಳಿಯ ಮರೆತುಹೋಗಿದ್ದಾರೆ. ಮೇಲೆ ಒಂದು ಜೋಡಿ ಸೇರಿದಾಗಲೆಲ್ಲ ಕೆಳಗಿನವರು ಒಂದು ಸಾಲು ಜಾರಿದರು. ಕೊನೆಗೆ ಅಕ್ಕನ ಸಾಲು ಕಣ್ಣಿಗೆ ಬೀಳದಾಯಿತು, ಮೂಲೆಯಲ್ಲಿ ಕೆಂಪು ಗುರುತು ಬಂತು.

ಅದನ್ನು ನಾನು ನೋಡಿದೆ. ಅಕ್ಷರವನ್ನು ಒಂದು ಕೂದಲೆಳೆ ಸಣ್ಣದು ಮಾಡಿದ್ದರೆ ಸಾಕಿತ್ತು. ಬಾಕ್ಸನ್ನು ಉಗುರಿನಷ್ಟು ಕೆಳಗೆ ಎಳೆದಿದ್ದರೂ ಆಗುತ್ತಿತ್ತು. ಅದೇ ತಿಂಗಳು ಪೇಟೆಯ ಸಾಹೇಬರೊಬ್ಬರು ಮಗಳ ಮದುವೆಗೆ ಎರಡು ಪುಟದಷ್ಟು ಹೆಸರು ತಂದು, "ಯಾರ್ದೂ ಬಿಡ್ಬೇಡಮ್ಮ, ಹೆಸರಿಲ್ಲ ಅಂದ್ರೆ ಊಟಕ್ ಬರಲ್ಲ, ಊಟಕ್ ಬಂದ್ರೆ ಮಾತಾಡ್ಸಲ್ಲ" ಎಂದಿದ್ದರು. ಅವರ ಮನೆಯ ಒಬ್ಬರನ್ನೂ ನಾನು ಹೊರಗೆ ಬಿಟ್ಟಿರಲಿಲ್ಲ. ನನ್ನ ಅಕ್ಕನಿಗೆ ಉಗುರಿನಷ್ಟು ಜಾಗ ಮಾಡಲಿಲ್ಲ. ಪರದೆಯ ನೋಟ ಬದಲಿಸುವ ಗುಂಡಿ ಒತ್ತಿದೆ. ಗೆರೆಗಳೂ ಕೆಂಪು ಗುರುತೂ ಮರೆಯಾಗಿ ಪತ್ರಿಕೆ ಚೊಕ್ಕಟವಾಗಿ ಕಂಡಿತು. ನನ್ನ ಹೆಸರು ನನ್ನ ಯಜಮಾನರ ಹೆಸರಿನ ಪಕ್ಕ ಮೊದಲ ಕಾಲಮಿನಲ್ಲೇ ಕೂತಿತ್ತು. ತರೀಕೆರೆಯ ಪ್ರೆಸ್ಸಿಗೆ ಕಳಿಸಿಬಿಟ್ಟೆ.

ದೊಡ್ಡಪ್ಪ ಹೇಳಿದ್ದು ಜಾಗ ಇದ್ದರೆ ಹಾಕು ಎಂದು. ಜಾಗ ಇಲ್ಲ ಎಂದು ತೀರ್ಮಾನ ಮಾಡಿದವಳು ನಾನು. ಅವರ ತಲೆಗೆ ಇದನ್ನು ಕಟ್ಟಲು ನಾನು ತಯಾರಿಲ್ಲ.

ಅಚ್ಚಾಗಿ ಬಂದ ಪತ್ರಿಕೆ ನೋಡಿ ತಮ್ಮ, "ಅಕ್ಕ ಎಲ್ಲಿ?" ಎಂದ. ಸಿಸ್ಟಮ್ ತೊಂದರೆ ಎಂದೆ. ನಂಬಿದ. ಭಾನುವಾರ ಅಕ್ಕ ಬಂದಳು. ಪ್ರೂಫ್ ನೋಡುವ ಹಾಗೆಯೇ ಹೆಬ್ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಓದಿದಳು. ಎರಡನೇ ಕಾಲಮಿನ ತಳ ಮುಟ್ಟಿದ ಬೆರಳು ಅಲ್ಲೇ ನಿಂತಿತು.

"ಕಂಪ್ಯೂಟರ್ ತಿಂದಾಕ್ಬಿಡ್ತು ಕಣಕ್ಕ," ಎಂದೆ. "ಕೊನೇ ಸಾಲು ಹೋಯ್ತು."

"ಕೆಂಪು ಗುರುತು ಬರ್ಲಿಲ್ವಾ?"

"ನೋಡ್ಲಿಲ್ಲ."

ಅವಳು ನನ್ನ ಮುಖವನ್ನೂ ನೋಡಲಿಲ್ಲ. ಇಡೀ ಸೀಮೆಯಲ್ಲಿ ನನ್ನ ಸುಳ್ಳು ಹಿಡಿಯಬಲ್ಲವಳು ಅವಳೊಬ್ಬಳೇ, ಅವಳಿಗೇ ಹೋಗಿ ಹೇಳಿದ್ದೆ. ಪತ್ರಿಕೆಯನ್ನು ಬ್ಯಾಗಿಗೆ ಹಾಕಿಕೊಂಡು, ಟೀ ಕುಡಿದು, ಬಸ್ಸು ಹತ್ತಿದಳು.

ಮದುವೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ತರೀಕೆರೆಯ ಛತ್ರದಲ್ಲಿ ಕೆಂಪು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಳು. ಹೆಣ್ಣಿನ ಕಡೆಯ ಒಬ್ಬಾಕೆ, "ನೀವು ಯಾರ ಕಡೆಯೋರಮ್ಮ?" ಎಂದು ಕೇಳಿದರು.

"ಗಂಡಿನ ದೊಡ್ಡಕ್ಕ ಕಣ್ರೀ," ಎಂದಳು ಅಕ್ಕ, ನಾಲ್ಕು ಕುರ್ಚಿ ಆಚೆಗೂ ಕೇಳುವ ಹಾಗೆ. "ಕಾರ್ಡಲ್ಲಿ ಜಾಗ ಸಾಲ್ಲಿಲ್ಲ. ಇಲ್ಲಿ ಕುರ್ಚಿ ಸಿಕ್ತು."

ನಾಲ್ಕು ಕುರ್ಚಿ ಆಚೆ ಕೂತಿದ್ದವಳು ನಾನು. ಆಮೇಲೆ ಅವಳ ಭಾನುವಾರಗಳು ನಿಂತವು. ಪ್ರೂಫ್ ಕಳಿಸಲು ನನಗೂ ಮುಖವಿರಲಿಲ್ಲ.

ಈ ವರ್ಷ ತಮ್ಮನಿಗೆ ಹೆಣ್ಣು ಮಗುವಾಯಿತು. ನಾಮಕರಣದ ಕಾರ್ಡು ಮಾಡಿಸಲು ಮತ್ತೆ ದೊಡ್ಡಪ್ಪ ಬಂದು ಕುರ್ಚಿಯಲ್ಲಿ ಕೂತರು. ಮದುವೆಯ ಪತ್ರಿಕೆಯ ಹೆಸರುಗಳನ್ನೇ ಹೊಸ ಕಾರ್ಡಿಗೆ ತಂದು, ಅವರು ಬಾಯಿ ತೆರೆಯುವ ಮೊದಲೇ ಮೊದಲ ಕಾಲಮಿನ ಮೊದಲ ಸಾಲಿನಲ್ಲಿ ಅಕ್ಕನ ಹೆಸರು ಒತ್ತಿದೆ.

"ಪಕ್ಕದಲ್ಲಿ ಖಾಲಿ ಐತಲ್ಲೇ," ಎಂದರು.

"ಖಾಲಿ ಇರ್ಲಿ ದೊಡ್ಡಪ್ಪ."

"ನೋಡ್ದೋರು ಏನಂತಾರೆ?"

"ಮೊದಲ್ನೇ ಹೆಸರು ಓದ್ತಾರೆ. ಆಮೇಲೆ ಎರಡ್ನೇದು ಓದ್ತಾರೆ."

ಅಂಗಡಿಗೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದಿದ್ದ ಇಬ್ಬರು ಹುಡುಗಿಯರು ನಕ್ಕರು. ದೊಡ್ಡಪ್ಪನಿಗೆ ಸಿಟ್ಟು ಬಂತು. "ಹಂಗಾದ್ರೆ ಕೊನೆಯೋರು ಹೊರಗೋಗ್ತಾರೆ. ಜಾಗ ಎಲ್ಲೈತೆ?"

ನಾನು ಎರಡು ಕಾಲಮನ್ನು ಮೂರು ಮಾಡಿ, ಅಕ್ಷರವನ್ನು ಸ್ವಲ್ಪ ಕುಗ್ಗಿಸಿದೆ. ಹೆಸರುಗಳು ಒಂದರಿಂದ ಇನ್ನೊಂದಕ್ಕೆ ಇಳಿದು, ಮೂರನೆಯದರ ತಳದಲ್ಲಿ ಇನ್ನೂ ಎರಡು ಸಾಲಿನ ಜಾಗ ಉಳಿಯಿತು. "ಇಲ್ಲೈತೆ ನೋಡಿ," ಎಂದೆ. "ಅವತ್ತೂ ಇತ್ತು. ಇದು ಬೇಡ ಅಂದ್ರೆ ಬೇರೆ ಕಡೆ ಮಾಡಿಸ್ಕೊಳಿ. ಇಲ್ಲಿ ಮಾಡಿದ್ರೆ ಹಿಂಗೇ." ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ತಮ್ಮನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ, ಮದುವೆಯ ಪತ್ರಿಕೆಯ ಸತ್ಯವನ್ನೂ ಸೇರಿಸಿ. "ಮೊದಲ್ನೇ ಸಾಲೇ ಇರ್ಲಿ. ಅಕ್ಕಂಗೆ ನೀನೇ ಹೋಗಿ ಹೇಳು" ಎಂದ.

ಪ್ರೂಫ್ ತೆಗೆದು, ಅಂಗಡಿಯ ಬಾಗಿಲೆಳೆದು ಕಡೂರಿನ ಬಸ್ಸು ಹತ್ತಿದೆ. ಪ್ರೆಸ್ಸಿನಲ್ಲಿ ಮಷೀನು ಓಡುತ್ತಿತ್ತು. ಅಕ್ಕ ಹಾಳೆಯನ್ನು ತೆಗೆದುಕೊಂಡಳು. ಹೆಬ್ಬೆರಳು ಮೊದಲ ಸಾಲಿನಲ್ಲಿ ತುಸು ತಡೆದು, ಆಮೇಲೆ ಮೂರೂ ಕಾಲಂ ಇಳಿಯಿತು. "ಎಲ್ಲಾ ಬಂದವ್ರೆ," ಎಂದಳು.

ನಾನು ಮೆಲ್ಲಗೆ ಏನೋ ಹೇಳಿದೆ.

"ಏನಂದೆ? ಕೇಳಿಸ್ಲಿಲ್ಲ ಕಣೇ. ಜೋರಾಗಿ ಹೇಳು."

ಮಷೀನಿನ ಪಕ್ಕ ನಿಂತಿದ್ದವರೂ ತಿರುಗಿ ನೋಡಿದರು. ನೋಡಲಿ ಎಂದುಕೊಂಡು ಗಂಟಲೆತ್ತಿ ಹೇಳಿದೆ:

"ಕೆಂಪು ಗುರುತು ನೋಡಿದ್ದೆ ಕಣಕ್ಕ. ನೋಡೇ ನಿನ್ನ ಬಿಟ್ಟೆ. ತಪ್ಪಾಯ್ತು."