ಅರಳಿಯ ವಾರೆ ತಲೆ

ಬೆಳಿಗ್ಗೆ ಮೆಂತ್ಯೆ ಸೊಪ್ಪು ಹಿಡಿದು ಮುಂದೆ ಕೂತಾಗ ನಮ್ಮ ಮೊಲ ತಲೆ ವಾರೆ ಮಾಡಿ ನನ್ನನ್ನು ನೋಡಿತು. ಏನೋ ಕೇಳುವವರ ಹಾಗೆ. ನನಗೆ ನಗು ಬಂತು. "ಏನ ಬೇಕವ್ವಾ ನಿನಗ" ಎಂದು ಸೊಪ್ಪನ್ನು ಇನ್ನಷ್ಟು ಹತ್ತಿರ ಹಿಡಿದೆ. ಅದು ಬಾಯಿ ಚಾಚಿತು. ಸೊಪ್ಪಿನ ಪಕ್ಕದ ಗಾಳಿಯನ್ನು ಕಚ್ಚಿತು.

ಆ ನಗು ನೆನಪಾದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಎಡಗಿವಿ ನೆಲ ಮುಟ್ಟುತ್ತಿತ್ತು. ಒಂದು ಕಣ್ಣು ಸೂರಿನ ಕಡೆ, ಇನ್ನೊಂದು ನೆಲದ ಕಡೆ. ಎರಡೂ ಕಣ್ಣುಗುಡ್ಡೆಗಳು ಅತ್ತಿಂದಿತ್ತ ಅದುರುತ್ತಿದ್ದವು, ಓಡುವ ಬಸ್ಸಿನ ಕಿಟಕಿಯಲ್ಲಿ ಕೂತವರ ಕಣ್ಣಿನ ಹಾಗೆ. ನಾನು ಎತ್ತಿಕೊಳ್ಳಲು ಬಾಗಿದೆ.

ಅದು ಉರುಳಿತು.

ಕೈಜಾರಿದ ನೂಲಿನ ಉಂಡೆ ಉರುಳುವ ಹಾಗೆ, ಗೋಡೆ ತಡೆಯುವ ತನಕ ಉರುಳುತ್ತಲೇ ಹೋಯಿತು. ಗೋಡೆಗೆ ಒರಗಿ ನಿಂತ ಮೇಲೂ ಕಾಲುಗಳು ಗಾಳಿಯಲ್ಲಿ ಓಡುತ್ತಿದ್ದವು. ಮೊಲ ಕೂಗುವುದಿಲ್ಲ. ಆ ಹೊತ್ತಿಗೆ ಕೂಗಿದ್ದರೂ ಚೆನ್ನಾಗಿತ್ತು ಅನಿಸಿತು.

ನಾವು ಬನಹಟ್ಟಿಯವರು. ಮನೆಯ ಹಿಂದೆ ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗಗಳಿವೆ. ನನ್ನ ಗಂಡ ಮಲ್ಲೇಶಪ್ಪ ಅವನ್ನು ನೋಡಿಕೊಳ್ಳುತ್ತಾರೆ. ನಾನು ಅಡುಗೆ ಮುಗಿಸಿ, ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ, ಅಂದರೆ ಸಣ್ಣ ಕೊಳವೆಗೆ, ಸುತ್ತುವ ಮಷಿನ್ ಮುಂದೆ ಕೂರುತ್ತೇನೆ. ಮನೆಯಲ್ಲಿ ಮೂರನೆಯವರು ನಮ್ಮ ಅತ್ತೆ, ಇವರ ತಾಯಿ. ಮೊಲವನ್ನು ನನ್ನ ಗಂಡ ಮಹಾಲಿಂಗಪುರದ ಸಂತೆಯಿಂದ ತಂದದ್ದು. ಕೊಯ್ಯುವವರಿಗೆ ಮಾರಲು ಒಬ್ಬ ಬುಟ್ಟಿಯಲ್ಲಿಟ್ಟುಕೊಂಡು ಕೂತಿದ್ದನಂತೆ. ಬೆಲ್ಲ ತರಲು ಹೋದವರು ಅಂಗಿಯೊಳಗೆ ಮೊಲ ಮುಚ್ಚಿಕೊಂಡು ಬಂದರು, ಬೆಲ್ಲ ಮರೆತರು. ಅತ್ತೆ ಅದನ್ನು ನೋಡಿ, "ಅರಳಿ ಹಿಂಜಿ ಇಟ್ಟಂಗ ಐತಿ" ಅಂದರು. ನಮ್ಮ ಕಡೆ ಅರಳಿ ಅಂದರೆ ಹತ್ತಿ. ಅದೇ ಹೆಸರಾಯಿತು.

ಮೂರು ವರ್ಷದಿಂದ ಅರಳಿ ಇರುವುದು ನನ್ನ ಕಂಡಿಕೆ ಮಷಿನ್ನಿನ ಪಕ್ಕ. ಮಗ್ಗಗಳ ಸದ್ದಿನಲ್ಲಿ ನಾವು ಒಬ್ಬರನ್ನೊಬ್ಬರು ಕೂಗಿಯೇ ಮಾತಾಡಬೇಕು. ಅದು ಮಾತ್ರ ಆ ಸದ್ದಿನ ನಡುವೆ ಕಾಲು ಚಾಚಿ ನಿದ್ದೆ ಮಾಡುತ್ತಿತ್ತು.

ಪಕ್ಕದ ಮನೆಯವರು ನೋಡಿ, "ಗಾಳಿ ಬಡದೈತಿ, ಉಳಿಯೂದಿಲ್ಲ. ಕಬ್ಬಿನ ಹೊಲದಾಗ ಬಿಟ್ಟ ಬರ್ರಿ" ಅಂದರು. ನನ್ನ ಗಂಡ ಹಣ್ಣಿನ ಟ್ರೇ ಒಂದನ್ನು ತೊಳೆದು ತಂದರು. ನಾನು ಹಳೆ ಸೀರೆಗಳನ್ನು ಸುರುಳಿ ಸುತ್ತಿ ಅದರ ನಾಲ್ಕೂ ಬದಿಗೆ ಒತ್ತಿಟ್ಟೆ. ಉರುಳಲು ಜಾಗವಿಲ್ಲದಂತೆ ಅರಳಿಯನ್ನು ನಡುವೆ ಕೂರಿಸಿದೆವು.

ಮರುದಿನ ಅರಳಿಯನ್ನು ಮುಧೋಳದ ಪಶು ಆಸ್ಪತ್ರೆಗೆ ಒಯ್ದೆ. ಕಬ್ಬು ನುರಿಸುವ ಕಾಲ. ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಮಂಜಿನಲ್ಲಿ ಕಬ್ಬಿನ ಹೊರೆಗಳು ಮನೆಗಳೇ ನಡೆದುಹೋಗುತ್ತಿರುವಂತೆ ಕಾಣುತ್ತಿದ್ದವು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಯಿಂದ ಕುದಿವ ಕಬ್ಬಿನ ಹಾಲಿನ ವಾಸನೆ. ನಾನು ತೊಡೆಯ ಮೇಲೆ ಟ್ರೇ ಇಟ್ಟುಕೊಂಡು, ರಸ್ತೆ ತಿರುಗಿದಾಗಲೆಲ್ಲ ಎದುರು ದಿಕ್ಕಿಗೆ ವಾಲುತ್ತಿದ್ದೆ. ಅರಳಿಯ ಪಾಲಿಗೆ ಜಗತ್ತು ಅಷ್ಟಾದರೂ ನೆಟ್ಟಗಿರಲಿ ಎಂದು.

ಆಸ್ಪತ್ರೆಯಲ್ಲಿ ಎಮ್ಮೆಗಳಿದ್ದವು. ಬೆಂಚಿನ ಮೇಲೆ ಒಬ್ಬ ಹಿರಿಯರು ಉದ್ದ ಕಾಲಿನ ಮುಧೋಳ ನಾಯಿಯೊಂದನ್ನು ಹಿಡಿದು ಕೂತಿದ್ದರು. ಮೊಲದ ಹಿಂದೆ ಬಿಡುವ ಜಾತಿ ಅದು. ನಾಯಿ ಟ್ರೇಯನ್ನು ಮೂಸಿ, ಮೈಯೆಲ್ಲ ಬಿಗಿ ಮಾಡಿ ನಿಂತಿತು. ಆ ಹಿರಿಯರು ತಮ್ಮ ಟವೆಲನ್ನು ಅದರ ಕಣ್ಣಿಗೆ ಮುಚ್ಚಿ, "ಅದಕ ಆರಾಮ ಇಲ್ಲಲೇ, ಸುಮ್ಮನಿರು" ಅಂದರು. ನಾಯಿ ಕೂತುಬಿಟ್ಟಿತು. ಕಣ್ಣು ಮುಚ್ಚಿಸಿಕೊಂಡ ಆ ನಾಯಿ, ಕಣ್ಣು ಮುಚ್ಚಲಾರದ ನನ್ನ ಮೊಲ. ಎರಡೂ ಒಂದೇ ಬೆಂಚಿನ ಆಚೀಚೆ ಉಸಿರಾಡುತ್ತಿದ್ದವು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಿವಿಯಲ್ಲಿ ಟಾರ್ಚ್ ಹಾಕಿ ನೋಡಿದರು. ಬೆಳಗಾವಿಯಲ್ಲಿರುವ ತಮ್ಮ ಸೀನಿಯರ್‌ಗೆ ಫೋನು ಮಾಡಿ ವಿಡಿಯೋದಲ್ಲಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದಕ್ಕ ಹೆಡ್ ಟಿಲ್ಟ್ ಅಂತಾರ್ರೀ ಅಕ್ಕಾರ. ಒಳಗಿವಿಗೆ ಇನ್ಫೆಕ್ಷನ್ ಆಗಿರಬಹುದು, ಇಲ್ಲಾ ಮಿದುಳಿಗೆ ಒಂದು ಪ್ಯಾರಸೈಟ್, ಕಣ್ಣಿಗೆ ಕಾಣದ ಹುಳಾ, ಹೋಗಿರಬಹುದು. ಯಾವುದಂತ ಇಲ್ಲಿ ಗೊತ್ತ ಮಾಡಾಕ ಆಗೂದಿಲ್ಲ. ಎರಡಕ್ಕೂ ಕೂಡೇ ಔಷಧ ಚಾಲೂ ಮಾಡತೇನಿ."

"ತಲಿ ಮೊದಲಿನಂಗ ಆಕ್ಕೇತೇನ್ರಿ?"

"ಅದನ್ನ ಈಗ ಹೇಳಾಕ ಬರೂದಿಲ್ಲ. ಮೊದಲ ಅದು ತಿನ್ನಬೇಕು. ಮೊಲದ ಹೊಟ್ಟಿ ನಿಂತ್ರ ಜೀವಾನ ನಿಂತಂಗ."

ಜಂತುಹುಳಕ್ಕೆ ಕುರಿಗಳಿಗೆ ಕೊಡುವ ಔಷಧಿಯನ್ನೇ ಮೊಲದ ತೂಕಕ್ಕೆ ಲೆಕ್ಕ ಹಾಕಿ ಹನಿಗಳಲ್ಲಿ ಬರೆದುಕೊಟ್ಟರು. ಇಪ್ಪತ್ತೆಂಟು ದಿನ. ಜೊತೆಗೆ ಆಂಟಿಬಯಾಟಿಕ್, ನೆಲದ ಕಡೆಗಿರುವ ಕಣ್ಣು ಒಣಗದಂತೆ ಐ ಡ್ರಾಪ್ಸ್, ಮತ್ತು ಸೂಜಿಯಿಲ್ಲದ ನಾಲ್ಕು ಸಿರಿಂಜ್.

ನಮ್ಮ ದಿನ ಸಿರಿಂಜಿನ ಸುತ್ತ ತಿರುಗತೊಡಗಿತು. ಕುದುರೆಮೆಂತೆ ಮೇವು, ಕೊತ್ತಂಬರಿ ರುಬ್ಬಿ, ನೀರು ಬೆರೆಸಿ, ಸೋಸಿ, ಬಾಯಿಯ ಮೂಲೆಯಿಂದ ತುಸು ತುಸುವೇ ಬಿಡಬೇಕು. ಅರ್ಧ ನುಂಗುತ್ತಿತ್ತು. ಅರ್ಧ ನನ್ನ ಸೆರಗಿಗೆ. ರಾತ್ರಿಯೂ ಎದ್ದು ತಿನ್ನಿಸಿ ನಿದ್ದೆ ಸಾಲದೆ ಹಗಲು ಮಂಪರಾಗಿರುತ್ತಿತ್ತು. ಶೆಡ್ಡಿನ ಕಿಟಕಿಯಿಂದ ಇಳಿಯುವ ಬಿಸಿಲಿನಲ್ಲಿ ಹತ್ತಿಯ ಧೂಳು ತೇಲುವುದನ್ನು ನೋಡುತ್ತ ಕೂತರೆ, ಅದು ಕೆಳಗಿಳಿಯುತ್ತಿದೆಯೋ ನಾನೇ ಮೇಲೇರುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಣ್ಣು ಹತ್ತಿತು. ನಮ್ಮ ಮನೆ ಇಳಿಜಾರಿನಲ್ಲಿ ನಿಂತಂತೆ, ಪಾತ್ರೆ, ದಿಂಬು, ನೂಲಿನ ಬಂಡಲು ಎಲ್ಲ ಮೆಲ್ಲಗೆ ಎಡಗಡೆಗೆ ಜಾರುತ್ತಿರುವಂತೆ ಕನಸು. ನಾನು ಎಲ್ಲವನ್ನೂ ಹಿಡಿಯಲು ಹೋಗಿ ಯಾವುದನ್ನೂ ಹಿಡಿಯಲಾರದೆ ನಿಂತಿದ್ದೆ. ಎಚ್ಚರಾದಾಗ ಗೋಡೆಗೆ ಅಂಗೈ ಒತ್ತಿಕೊಂಡಿದ್ದೆ.

ಏಳನೆಯ ದಿನ ಅರಳಿ ಸೀರೆಯ ಸುರುಳಿಗಳನ್ನು ಒದ್ದು ಮತ್ತೆ ಉರುಳಿತು. ಇವರು ಮಗ್ಗ ಬಿಟ್ಟು ಬಂದು ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದರು. ನಿಂತ ಮೇಲೆ, "ಶಾಂತಾ, ಇಂಜೆಕ್ಷನ್ ಕೊಟ್ಟ ಕಾಯಂ ಮಲಗಸ್ತಾರಂತ. ಡಾಕ್ಟರ್‌ನ ಕೇಳೂಣೇನ?" ಅಂದರು.

ಕೇಳುವಾಗ ನನ್ನ ಮುಖ ನೋಡಲಿಲ್ಲ. ಅಂಗಿಯೊಳಗೆ ಮುಚ್ಚಿಕೊಂಡು ತಂದವರು ಅವರೇ.

"ಇಪ್ಪತ್ತೆಂಟ ದಿನಾ ಮುಗೀಲಿ" ಅಂದೆ. "ಅಲ್ಲೀತನಕಾ ಆ ಮಾತ ಬ್ಯಾಡ್ರಿ."

ಹೇಳಿದೆನೇ ಹೊರತು ನನಗೂ ಹೆದರಿಕೆ. ಮಗ್ಗಗಳ ಸದ್ದಿಗೆ, ಅದುರುವಿಕೆಗೇ ಅದರ ತಲೆ ಹೀಗೆ ಸುತ್ತುತ್ತಿರಬೇಕು ಎಂದು ನನಗೆ ಖಾತ್ರಿಯಾಗಿತ್ತು. ಜಮಖಂಡಿ ಹತ್ತಿರ ಹೊಲದ ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ. ಸುತ್ತ ಕಬ್ಬು, ಗಾಳಿ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಒಂಬತ್ತನೆಯ ದಿನ ಅರಳಿಯನ್ನು ಅಲ್ಲಿಗೆ ಒಯ್ದೆ.

ಅಲ್ಲಿ ನಿಜಕ್ಕೂ ಶಾಂತವಿತ್ತು. ಅಕ್ಕ ಪಡಸಾಲೆಯ ಮೂಲೆಯಲ್ಲಿ ಚೀಲ ಹಾಸಿಕೊಟ್ಟಳು. ಅರಳಿ ಉರುಳಲಿಲ್ಲ. ಅಲುಗಾಡಲೂ ಇಲ್ಲ. ನಾನು ಅದನ್ನು ನೆಮ್ಮದಿ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಸಿರಿಂಜ್ ಇಟ್ಟರೆ ಹಲ್ಲು ಬಿಗಿಹಿಡಿದಿತ್ತು. ಹತ್ತು ಗಂಟೆಗೂ ಹಾಗೇ. ಕೆಳಗಿನ ಬಟ್ಟೆ ಬಿಚ್ಚಿ ನೋಡಿದೆ. ಹಿಕ್ಕೆ ಒಂದೂ ಇರಲಿಲ್ಲ.

ಹೊಟ್ಟೆ ನಿಂತಿತ್ತು.

ಡಾಕ್ಟರಿಗೆ ಫೋನು ಮಾಡಿದೆ. ಹೊಟ್ಟೆಗೆ ಬಿಸಿ ಕೊಡಿ, ಮೆಲ್ಲಗೆ ತಿಕ್ಕಿ, ಮಧ್ಯಾಹ್ನದೊಳಗೆ ಹಿಕ್ಕೆ ಹಾಕದಿದ್ದರೆ ಕರೆತನ್ನಿ ಅಂದರು. ಆಮೇಲೆ ಮನೆಗೆ ಮಾಡಿದೆ. ಇವರು ಶೆಡ್ಡಿನಲ್ಲಿದ್ದರು. ಫೋನು ಎತ್ತಿದವರು ಅತ್ತೆ.

ಅತ್ತೆಗೆ ಮೂರು ವರ್ಷದಿಂದ ತಲೆ ಸುತ್ತುವ ಕಾಯಿಲೆ. ಡಾಕ್ಟರು ವರ್ಟಿಗೊ ಅಂದಿದ್ದಾರೆ. ಮೊದಲು ಅವರ ಮಂಚ ಶೆಡ್ಡಿನ ಗೋಡೆಗೆ ತಾಗಿಯೇ ಇತ್ತು. ಕಾಯಿಲೆ ಶುರುವಾದ ಕೆಲವು ವಾರಗಳಲ್ಲಿ ನಾವೇ ಕಾಳಜಿಯಿಂದ ಮುಂದಿನ ಹೊಸ ಖೋಲಿಗೆ ಸಾಗಿಸಿದ್ದೆವು. ಅಲ್ಲಿ ಸಪ್ಪಳ ಬರುವುದಿಲ್ಲ. ಅಂದಿನಿಂದ ಅವರ ಮಾತು ಕಡಿಮೆಯಾಗಿತ್ತು. ವಯಸ್ಸು ಅಂದುಕೊಂಡಿದ್ದೆವು.

ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. "ಅಲ್ಲಿ ಏನ ಸಪ್ಪಳ ಐತಿ?"

"ಏನೂ ಇಲ್ರೀ ಅತ್ತ್ಯಾರ. ಭಾಳ ಶಾಂತ ಐತಿ."

"ಅದಕ್ಕ ಅದು ಹೆದರೇತಿ."

ಅವರು ನಿಧಾನವಾಗಿ ಹೇಳಿದರು.

"ಕಣ್ಣ ತೆರದ್ರ ಗ್ವಾಡಿ ತಿರಗತಾವ ತಂಗಿ, ಮುಚ್ಚಿದ್ರ ನಾನ ತಿರಗತೇನಿ. ಮಗ್ಗದ ಸಪ್ಪಳ ಒಂದ ಮಾತ್ರ ಇದ್ದಲ್ಲೇ ಇರತಿತ್ತು. ಅದನ್ನ ಹಿಡಕೊಂಡ ಕುಂದರತಿದ್ದೆ. ಈ ಖೋಲಿಗೆ ಬಂದಮ್ಯಾಲ ಹಿಡಕೊಳ್ಳಾಕ ಏನೂ ಇಲ್ಲ."

"ಯಾಕ ಹೇಳಲಿಲ್ರೀ ನಮಗ?"

"ನನ್ನ ಛಲೋಕ ಅಂತ ಮಾಡಿದ್ರಿ. ಅದನ್ನ ಬ್ಯಾಡಂತ ಹೆಂಗ ಹೇಳ್ಲಿ?"

ಫೋನು ಇಟ್ಟ ಮೇಲೆ ಅಕ್ಕನ ಪಡಸಾಲೆಯಲ್ಲಿ ಅರಳಿಯ ಹೊಟ್ಟೆ ತಿಕ್ಕುತ್ತ ಕೂತೆ. ಕಬ್ಬಿನ ಎಲೆಗಳು ಒಂದಕ್ಕೊಂದು ತಿಕ್ಕಿ ಸುಯ್‌ಗುಡುತ್ತಿದ್ದವು. ದಿಕ್ಕಿಲ್ಲದ ಸದ್ದು, ಎಲ್ಲ ಕಡೆಯಿಂದಲೂ ಬರುವಂಥದು. ಮೂರು ವರ್ಷ ಒಂದೇ ಮನೆಯಲ್ಲಿ ಉಂಡು, ಹೊತ್ತು ಹೊತ್ತಿಗೆ ಗುಳಿಗೆ ಕೊಟ್ಟು, ಅತ್ತೆಗೆ ಏನಾಗುತ್ತದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಔಷಧ ತಗೊಂಡ್ರಾ ಎಂದಷ್ಟೇ ಕೇಳಿದ್ದೆ.

ಅಕ್ಕನ ಗಂಡ ಗಾಡಿ ತೆಗೆದರು. ಟ್ರೇ ಅಪ್ಪಿಕೊಂಡು ಹಿಂದೆ ಕೂತೆ. ದಾರಿಯುದ್ದಕ್ಕೂ ಒಂದು ಕೈ ಅರಳಿಯ ಹೊಟ್ಟೆಯ ಮೇಲೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬನಹಟ್ಟಿ ಸೇರಿ ನಮ್ಮ ಓಣಿಗೆ ತಿರುಗಿದಾಗ ಮಧ್ಯಾಹ್ನದ ಪಾಳಿ ನಡೆದಿತ್ತು. ಎರಡೂ ಬದಿಯ ಮನೆಗಳಿಂದ ಮಗ್ಗಗಳ ಖಟಪಟ. ನನ್ನ ಕೈಯ ಕೆಳಗೆ ಬಲಗಿವಿ ಒಮ್ಮೆ ನೆಟ್ಟಗಾಯಿತು.

ಕಂಡಿಕೆ ಮಷಿನ್ನಿನ ಪಕ್ಕ, ಅದರ ಜಾಗದಲ್ಲೇ ಇಳಿಸಿದೆ. ಅತ್ತೆ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದರು. ಎಷ್ಟೋ ತಿಂಗಳ ಮೇಲೆ ಬಂದದ್ದು. ಕೆಳಗೆ ಕೂತು, ಕಾಲು ಚಾಚಿ, ಅರಳಿಯನ್ನು ಎರಡು ಮೊಣಕಾಲುಗಳ ನಡುವೆ ಇಟ್ಟುಕೊಂಡರು. ನಾನು ಹೊಟ್ಟೆ ತಿಕ್ಕಿದೆ. ಇವರು ನೂಲು ಕಡಿದ ಮಗ್ಗವನ್ನೂ ಮರೆತು ನಿಂತಿದ್ದರು.

ಒಂದು ತಾಸು ಕಳೆದಿರಬೇಕು. ಅತ್ತೆಯ ಸೀರೆಯ ಮೇಲೆ ಮೂರು ಹಿಕ್ಕೆ. ಮೆಣಸಿನ ಕಾಳಿಗಿಂತ ಸಣ್ಣವು.

"ಆತು" ಅಂದರು ಅತ್ತೆ. ನನಗೆ ಅಳು ಬಂತು. ಆಮೇಲೆ ಅರಳಿ ಕೊತ್ತಂಬರಿಯ ಒಂದು ಕಡ್ಡಿಯನ್ನು ತಾನೇ ಎಳೆದುಕೊಂಡಿತು.

ಅದೇ ಸಂಜೆ ಇವರು ಅತ್ತೆಯ ಮಂಚವನ್ನು ಹಳೆ ಜಾಗಕ್ಕೆ, ಶೆಡ್ಡಿನ ಗೋಡೆಯ ಪಕ್ಕಕ್ಕೆ ತಂದು ಹಾಕಿದರು. "ಅವ್ವಾ, ಇಲ್ಲಿ ಸಾಕೇನ, ಇನ್ನೂ ಸರಿಸಲೇನ?" ಎಂದು ಎರಡು ಸಲ ಕೇಳಿದರು.

ಸದ್ದಿನಿಂದಲೇ ಗುಣವಾಯಿತು ಎಂದು ನಾನು ಹೇಳಲಾರೆ. ಡಾಕ್ಟರಿಗೆ ಹೇಳಿದಾಗ ಅವರು ನಕ್ಕು, "ಔಷಧ ಕೆಲಸ ಮಾಡಿರಬೇಕ್ರಿ. ಗುರ್ತಿನ ಜಾಗಾನೂ ಮಾಡಿರಬೇಕು" ಅಂದರು. ಇಪ್ಪತ್ತೆಂಟನೆಯ ದಿನ ಮತ್ತೆ ಮುಧೋಳಕ್ಕೆ ಹೋದಾಗ ಕಣ್ಣು ಅದುರುವುದು ನಿಂತಿತ್ತು, ಉರುಳುವುದು ನಿಂತಿತ್ತು. ತಲೆ ಮಾತ್ರ ವಾರೆಯೇ. ಇಷ್ಟು ಹೀಗೇ ಉಳಿಯಬಹುದು ಅಂದರು ಡಾಕ್ಟರ್. ಮತ್ತೆ ಮರುಕಳಿಸಲೂಬಹುದು. "ಅದು ವಾರೆ ತಲೀಲೇನ ಬದಕೂದ ಕಲೀತೈತಿ. ನೀವೂ ಕಲೀರಿ."

ಕಲಿಯುತ್ತಿದ್ದೇವೆ. ಸೊಪ್ಪನ್ನು ಎಡಗಡೆಯಿಂದ ಹಿಡಿಯಬೇಕು. ಒಮ್ಮೆಲೇ ಎತ್ತಬಾರದು. ನೀರಿನ ಬಟ್ಟಲು ಅಗಲವಾಗಿರಬೇಕು. ಅರಳಿ ನೇರ ಹೋಗಲು ಹೊರಟರೆ ಅರ್ಧ ಸುತ್ತು ಹಾಕಿ, ದಾರಿ ತಪ್ಪಿದವರ ಹಾಗೆ ನಿಂತು, ಮತ್ತೆ ಹೊರಡುತ್ತದೆ. ಅತ್ತೆಗೂ ಈಗಲೂ ತಲೆ ಸುತ್ತುತ್ತದೆ. ಆದರೆ ಸುತ್ತು ಬಂದಾಗ ಹೇಳುತ್ತಾರೆ. "ಈಗ ಬಲಗಡೆ ಹೊಂಟೈತಿ ನೋಡು" ಅನ್ನುತ್ತಾರೆ, ದೂರದಲ್ಲಿ ಹೋಗುವ ಬಂಡಿಯನ್ನು ತೋರಿಸುವ ಹಾಗೆ. ನಾನು ಕಂಡಿಕೆ ನಿಲ್ಲಿಸಿ ಅವರ ಕೈ ಹಿಡಿದು ಕೂರುತ್ತೇನೆ. ಅದು ಹೋದ ಮೇಲೆ ಇಬ್ಬರೂ ಕೆಲಸಕ್ಕೆ ತೊಡಗುತ್ತೇವೆ. ಅವರು ಸೊಪ್ಪು ಸೋಸಲು, ನಾನು ನೂಲು ಸುತ್ತಲು.

ನಿನ್ನೆ ಬೆಳಿಗ್ಗೆ, ಬಿಸಿಲು ಬಾಗಿಲ ತನಕ ಬಂದಿದ್ದಾಗ, ಅರಳಿ ಹಿಂಗಾಲ ಮೇಲೆ ಕೂತು ಎರಡೂ ಮುಂಗಾಲುಗಳನ್ನು ನೆಲದಿಂದ ಎತ್ತಿತು. ಅತ್ತೆ ನನ್ನ ತೋಳು ಹಿಡಿದರು. ಬೀಳುತ್ತದೆ ಎಂದುಕೊಂಡೆವು. ಅದು ಬೀಳಲಿಲ್ಲ. ತುಸು ತೂಗಿತು, ನಿಂತಿತು. ಆಮೇಲೆ ಅವಸರವೇ ಇಲ್ಲದೆ, ಆ ವಾರೆ ಮುಖವನ್ನು ಎರಡೂ ಕೈಯಿಂದ ತೊಳೆದುಕೊಂಡಿತು.